ಬೀಗಿತ್ತಿಯ ಮುಡಿಗೆ ಸೇವಂತಿಗೆ

ರಾಚೆಸ್ಟರ್ ಹಿಲ್ಸ್, ಮಿಶಿಗನ್
ನವೆಂಬರ್ ೨೦೦೫

ಪ್ರೀತಿಯ ಬೀಗಿತ್ತಿ ಮರಿಸಾ ಅವರಿಗೆ,

ಈ ಕಾಗದವನ್ನು ನೀವು ಓದಲಾರಿರಿ ಎಂದು ಗೊತ್ತಿದ್ದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನಗೆ ನಿಮ್ಮ ಇಟಾಲಿಯನ್ ಬಾರದು, ನಿಮಗೆ ಇಂಗ್ಲಿಷ್ ಬಾರದು. ಬಂದಿದ್ದರೂ ಏನು, ನನ್ನ ಇಂಗ್ಲಿಷ್ ಬ್ಯಾಂಕಿಗೆ, ಡೆಂಟಿಸ್ಟಿಗೆ, ಅಂಗಡಿಯಲ್ಲಿ ಜಗಳ ಆಡುವುದಕ್ಕೆ ಸಾಕು. ಕ್ಷಮೆ ಕೇಳುವುದಕ್ಕೆ ಸಾಲದು. ಟುರಿನ್‌ನಲ್ಲಿ ನಿಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತು ಅನು ಒಂದೊಂದೇ ಸಾಲು ಓದಿ ನಿಮಗೆ ಹೇಳುತ್ತಾಳೆ. ಅವಳು ಚಿಕ್ಕವಳಿದ್ದಾಗ ಭಾನುವಾರ ಬಂತೆಂದರೆ ಈ ಮನೆಯ ಬೇಸ್‌ಮೆಂಟಿನಲ್ಲಿ ಸಿಕ್ಕಿದ ಮಕ್ಕಳನ್ನೆಲ್ಲ ಕೂಡಿಹಾಕಿ ನಾನು ಕನ್ನಡ ಕಲಿಸುತ್ತಿದ್ದೆ. ಆಗ ಅತ್ತುಕೊಂಡು ಕಲಿತ ಒತ್ತಕ್ಷರಗಳು ಇವತ್ತು ಉಪಯೋಗಕ್ಕೆ ಬರುತ್ತಿವೆ. ಅನು, ಒಂದು ಮಾತನ್ನೂ ನುಂಗಬೇಡ. ನಿನ್ನನ್ನು ಹೊಗಳಿದ ಕಡೆ ನಾಚಿಕೊಂಡು ಹಾರಿಸಬೇಡ. ನನ್ನನ್ನು ನಾನೇ ಬೈದುಕೊಂಡ ಕಡೆ ಮೆತ್ತಗೆ ಮಾಡಬೇಡ.

ಮರಿಸಾ ಅವರೇ, ಕಳೆದ ತಿಂಗಳು ನಿಮ್ಮ ಲೂಕಾ ಮತ್ತು ನಮ್ಮ ಅನು ಇವರ ನಿಶ್ಚಿತಾರ್ಥ ಇದೇ ಮನೆಯಲ್ಲಿ ನಡೆಯಿತಲ್ಲ, ಅವತ್ತು ನಾನು ನಿಮ್ಮ ತಲೆಗೆ ಹೂ ಮುಡಿಸಿದೆ. ಹಳದಿ ಸೇವಂತಿಗೆ. ಅದು ನಿಮ್ಮ ದೇಶದಲ್ಲಿ ಸತ್ತವರ ಸಮಾಧಿಗೆ ಇಡುವ ಹೂವು, ಬದುಕಿರುವವರ ಮನೆಗೆ ಯಾರೂ ಒಯ್ಯುವುದಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ನಿಮ್ಮ ಯಜಮಾನರು ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಅಂಥವರ ತಲೆಗೆ, ಐವತ್ತು ಜನರ ಎದುರಿಗೆ, ಎರಡು ಹೇರ್‌ಪಿನ್ ಸಿಕ್ಕಿಸಿ ನಾನು ಸಮಾಧಿಯ ಹೂ ಇಟ್ಟೆ.

ನಮ್ಮ ಕಡೆ ಸೇವಂತಿಗೆ ಇಲ್ಲದೆ ಯಾವ ಶುಭವೂ ಇಲ್ಲ. ದೇವರಿಗೆ ಅದೇ, ಮದುಮಗಳಿಗೆ ಅದೇ, ಆಯುಧಪೂಜೆಯ ದಿನ ಸ್ಕೂಟರಿನ ಹ್ಯಾಂಡಲ್ಲಿಗೂ ಅದೇ. ಮೈಸೂರಿನ ಮಾರುಕಟ್ಟೆಯಲ್ಲಿ ಮೊಳ ಹಾಕಿ ಕೊಡುತ್ತಾರೆ. ಈ ದೇಶಕ್ಕೆ ಬಂದ ಮೊದಲ ವರ್ಷ ಚಳಿ ಶುರುವಾಗುವ ಮುಂಚೆ ನೋಡುತ್ತೇನೆ, ನಮ್ಮ ಬಡಾವಣೆಯ ಮನೆ ಮನೆಯ ಬಾಗಿಲಲ್ಲೂ ಕುಂಬಳಕಾಯಿಯ ಪಕ್ಕ ಸೇವಂತಿಗೆ ಕುಂಡ! ಇಲ್ಲಿಯವರು ಅದನ್ನು ಮಮ್ಸ್ ಎನ್ನುತ್ತಾರೆ. ನಮ್ಮ ದಸರಾ ಹೊತ್ತಿಗೆ ಸರಿಯಾಗಿ ಅರಳುತ್ತದೆ. ಆವತ್ತು ನಾನು ಮೊದಲ ಸಲ ಈ ಮಿಶಿಗನ್ನನ್ನು ಪರವಾಗಿಲ್ಲ ಎಂದುಕೊಂಡಿದ್ದೆ.

ಹಾಗಾಗಿ ನಿಶ್ಚಿತಾರ್ಥ ವಿಜಯದಶಮಿ ಕಳೆದ ಶನಿವಾರ ಎಂದು ಗೊತ್ತಾದ ಕೂಡಲೇ ಟ್ವೆಂಟಿ ತ್ರೀ ಮೈಲ್ ರೋಡ್ ಎಂಬ ರಸ್ತೆಯ ನರ್ಸರಿಗೆ ಹೋಗಿ, ವ್ಯಾನಿನ ಸೀಟು ಮಡಚಿ, ಹಿಡಿಸುವಷ್ಟೂ ಕುಂಡ ತುಂಬಿಕೊಂಡು ಬಂದೆ. ಎದುರು ಮನೆಯ ಫಹಮೀದಾ ಗ್ಯಾರೇಜಿನಲ್ಲಿ ನನ್ನ ಜೊತೆ ಕೂತು ಹೂ ಕಟ್ಟಿದಳು. ಅವಳು ದಾವಣಗೆರೆಯವಳು, ನನಗಿಂತ ಚೆನ್ನಾಗಿ ಕಟ್ಟುತ್ತಾಳೆ. ಬಾಗಿಲಿಗೆ ಸೇವಂತಿಗೆ ತೋರಣ, ಮೆಟ್ಟಿಲಿನ ಕಂಬಿಗೆ ಸೇವಂತಿಗೆ, ಊಟದ ಮೇಜಿನ ಮೇಲೆ ಸೇವಂತಿಗೆ, ಕೊನೆಗೆ ಬಾತ್‌ರೂಮಿನ ಕನ್ನಡಿಗೂ ಒಂದು ಎಳೆ ಮಾಲೆ. ನೀವು ಒಳಗೆ ಬಂದಾಗ ಬಾಗಿಲಲ್ಲಿ ಒಂದು ಕ್ಷಣ ನಿಂತಿರಿ. ಮನೆಯ ಅಂದಕ್ಕೆ ಬೆರಗಾದರು ಎಂದುಕೊಂಡೆ ನಾನು, ಮಹಾ ಬುದ್ಧಿವಂತೆ.

ಮುಡಿಸಿದ ವಿಷಯವನ್ನೂ ಹೇಳಿಬಿಡುತ್ತೇನೆ. ನನ್ನ ಸೋದರತ್ತೆ ಗಂಗಮ್ಮ ಎಂದು ಇದ್ದಳು. ಚಿಕ್ಕ ವಯಸ್ಸಿನಲ್ಲಿ ಗಂಡ ಹೋದ. ನಮ್ಮ ಮನೆಯ ಮದುವೆಗಳಲ್ಲಿ ಹೋಳಿಗೆಯನ್ನೆಲ್ಲ ಅವಳೇ ತಟ್ಟುವುದು, ಆರತಿಯ ಹೊತ್ತಿಗೆ ಮಾತ್ರ ಹಿತ್ತಲ ಕೋಣೆಗೆ ಹೋಗಿ ಕೂರುವುದು. ಹೂ ಮುಡಿಯುವ ಹಾಗಿಲ್ಲ, ಕುಂಕುಮ ಇಡುವ ಹಾಗಿಲ್ಲ. ನನ್ನ ಮದುವೆಯಲ್ಲೂ ಅವಳು ಮುಂದೆ ಬರಲಿಲ್ಲ. ನನ್ನ ಮನೆಯ ಶುಭಕಾರ್ಯದಲ್ಲಿ ಯಾವ ವಿಧವೆಯನ್ನೂ ಮೂಲೆಯಲ್ಲಿ ಕೂರಿಸಬಾರದು ಎಂದು ನಾನು ಅಂದಿನಿಂದ ತೀರ್ಮಾನಿಸಿದ್ದೆ. ಅದಕ್ಕೇ ನಿಮ್ಮ ಕೈಹಿಡಿದು ನಡುಮನೆಗೆ ಕರೆತಂದು ಎಲ್ಲರಿಗಿಂತ ಮೊದಲು ನಿಮಗೆ ಕುಂಕುಮ ಇಟ್ಟು ಹೂ ಮುಡಿಸಿದೆ. ಉದ್ದೇಶ ಒಳ್ಳೆಯದೇ. ಆದರೆ ಪೂರ್ತಿ ಸತ್ಯ ಹೇಳಬೇಕಲ್ಲ, ಮುಡಿಸುವಾಗ ನನ್ನ ಕಣ್ಣು ನಿಮ್ಮ ಮುಖದ ಮೇಲಿರಲಿಲ್ಲ. ಪದ್ಮಜಾ ಎಷ್ಟು ಮುಂದುವರಿದವಳು ಎಂದು ದೇವಸ್ಥಾನದ ಗೆಳತಿಯರು ನೋಡುತ್ತಿದ್ದಾರೋ ಇಲ್ಲವೋ ಎಂದು ನಾನು ಆ ಕಡೆ ನೋಡುತ್ತಿದ್ದೆ. ನಿಮ್ಮ ಮುಖ ನೋಡಿದ್ದರೆ ನನಗೆ ಅಲ್ಲೇ ತಿಳಿಯುತ್ತಿತ್ತು.

ನೀವು ಕೈಯೆತ್ತಿ ಆ ಹೂವನ್ನು ಕಿತ್ತು ಹಾಕಬಹುದಿತ್ತು. ಹಾಕಲಿಲ್ಲ. "ಗ್ರಾಚಿಯೆ" ಎಂದು ಥ್ಯಾಂಕ್ಸ್ ಹೇಳಿದಿರಿ, ಸಂಜೆಯವರೆಗೂ ಹಾಗೆಯೇ ಕೂತಿರಿ. ಹೊರಡುವ ದಿನ ಆ ಬಾಡಿದ ಹೂವನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಂಡಿರಿ. ಅದನ್ನು ನೋಡಿ ನಾನು ಫಹಮೀದಾಗೆ ಹೇಳಿದ್ದೇನು ಗೊತ್ತೇ? "ನೋಡ್ದ್ಯಾ, ನಮ್ಮ ಹೂವು ಇಟಲಿಗೂ ಹೊರಡ್ತು." ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ನೀವು ಹೂ ಮುಡಿದು ಕೂತ ಫೋಟೋವನ್ನು ದೊಡ್ಡದು ಮಾಡಿಸಿ, ಫ್ರೇಮ್ ಹಾಕಿಸಿ ನಿಮಗೆ ಪಾರ್ಸೆಲ್ ಕಳಿಸಿದೆ. ದಯವಿಟ್ಟು ಅದನ್ನು ಗೋಡೆಗೆ ಹಾಕಬೇಡಿ. ಹಾಕಿದ್ದರೆ ತೆಗೆಯಿರಿ, ನನಗೆ ಬೇಜಾರಿಲ್ಲ.

ನನಗೆ ವಿಷಯ ತಿಳಿದದ್ದು ಅದೇ ನರ್ಸರಿಯಲ್ಲಿ. ಟ್ಯೂಲಿಪ್ ಗೆಡ್ಡೆ ತರೋಣ ಎಂದು ಹೋಗಿದ್ದೆ. ಆ ನರ್ಸರಿಯ ಒಡತಿಯ ಅಜ್ಜ ಅಜ್ಜಿ ನಿಮ್ಮ ಕಡೆಯಿಂದ ಬಂದವರಂತೆ; ಪಕ್ಕದ ಮಕೋಂಬ್ ಕೌಂಟಿಯಲ್ಲಿ ಅಂಥವರು ತುಂಬ ಜನ. ಅಷ್ಟು ಕುಂಡಗಳನ್ನು ಏನು ಮಾಡಿದಿರಿ ಎಂದು ಕೇಳಿದಳು. ನಾನು ಜಂಬದಿಂದ ಮಗಳ ನಿಶ್ಚಿತಾರ್ಥ, ಹುಡುಗ ಟುರಿನ್‌ನವನು, ಅವನ ತಾಯಿಗೂ ಮುಡಿಸಿದೆ ಎಂದು ಎಲ್ಲ ವರ್ಣಿಸಿದೆ. ಅವಳು ನೀರಿನ ಪೈಪನ್ನು ಕೆಳಗಿಟ್ಟಳು. "ಅಯ್ಯೋ ಹನೀ, ಅದನ್ನ ನಮ್ಮಜ್ಜಿ ಮನೆ ಒಳಗೇ ಬಿಡ್ತಿರಲಿಲ್ಲ. ಅದು ಸಮಾಧಿ ಹೂವು" ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು. ನೀವು ಈ ವರ್ಷವೇ ಗಂಡನನ್ನು ಕಳೆದುಕೊಂಡವರು ಎಂಬುದನ್ನು ನಾನು ಅವಳಿಗೆ ಹೇಳಲಿಲ್ಲ. ಕಾರಿನಲ್ಲಿ ಹೀಟರ್ ಹಾಕಿಕೊಂಡು ಅಲ್ಲೇ ಪಾರ್ಕಿಂಗ್ ಲಾಟಿನಲ್ಲಿ ಬಹಳ ಹೊತ್ತು ಕೂತೆ. ಗೆಡ್ಡೆ ತರುವುದೇ ಮರೆತುಹೋಯಿತು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು ಎಂದು ನಮ್ಮಲ್ಲಿ ಗಾದೆ. (ಅನು, ಆನೆ ಯಾಕೆ ಅಡಿಕೆ ಯಾಕೆ ಎಂದು ವಿವರಿಸುತ್ತಾ ಕೂರಬೇಡ. ಮಾನ ಹೋಯಿತು ಎಂದಷ್ಟೇ ಹೇಳು.)

ಇಷ್ಟೇ ಆಗಿದ್ದರೆ, ಪಾಪ ಗೊತ್ತಿಲ್ಲದೆ ಮಾಡಿದಳು ಎಂದು ನೀವು ಬಿಡುತ್ತಿದ್ದಿರಿ, ನಾನೂ ಒಂದು ದಿನ ನನ್ನನ್ನು ಕ್ಷಮಿಸಿಕೊಳ್ಳುತ್ತಿದ್ದೆ. ಮೊನ್ನೆ ಭಾನುವಾರ ಲೂಕಾ ಫೋನ್ ಮಾಡಿದ್ದ. ಮಾತಿನ ಮಧ್ಯೆ, "ಆಂಟಿ, ಅನುಗೆ ನೀವು ಸ್ವಲ್ಪ ಹೇಳಿ, ಇನ್ನೂ ಕೊರಗ್ತಾ ಇದಾಳೆ. ಹೂವಿನ ವಿಷಯ ಮರೆತುಹೋಯ್ತು ಅಂತ ನಮ್ಮಮ್ಮನ ಹತ್ರ ಅವಳು ಎಷ್ಟು ಸಲ ಸಾರಿ ಕೇಳಿದಾಳೋ" ಎಂದು ಅವನ ಇಂಗ್ಲಿಷಿನಲ್ಲಿ ಹೇಳಿದ. ಅನು ಎರಡು ವರ್ಷದಿಂದ ಟುರಿನ್‌ನಲ್ಲಿ ಕಾರಿನ ಡಿಸೈನ್ ಕೆಲಸ ಮಾಡುತ್ತಿದ್ದಾಳೆ, ಅವಳಿಗೆ ಗೊತ್ತಿರಲೇಬೇಕಲ್ಲ, ಗೊತ್ತಿದ್ದೂ ಯಾಕೆ ಸುಮ್ಮನಿದ್ದಳು ಎಂದು ನಿಮಗೆ ಅನ್ನಿಸಿದ್ದು ಸಹಜ. ಅವಳು ಮರೆತೆ ಎಂದಳು. ಮರಿಸಾ ಅವರೇ, ಅವಳು ಮರೆತಿರಲಿಲ್ಲ.

ಆ ಬೆಳಿಗ್ಗೆ ನಾನೂ ಫಹಮೀದಾನೂ ಗ್ಯಾರೇಜಿನಲ್ಲಿ ಹೂ ಕಟ್ಟುತ್ತಿದ್ದೆವು. ಅನು ಒಳಬಾಗಿಲಲ್ಲಿ ಬಂದು ನಿಂತಳು. ಕುಂಡಗಳನ್ನು ನೋಡಿ ಅವಳ ಮುಖ ಸಣ್ಣದಾಯಿತು. "ಅಮ್ಮಾ, ದಿಸ್ ಫ್ಲವರ್... ಪ್ಲೀಸ್, ಜಸ್ಟ್ ಒನ್ಸ್, ಲಿಸನ್ ಟು ಮಿ" ಎಂದಳು. ನಾನು ದಾರದಿಂದ ತಲೆಯೆತ್ತಲಿಲ್ಲ. "ಎರಡು ವರ್ಷ ಇಟಲೀಲಿ ಇದ್ದು ಬಂದು ನಂಗೆ ಹೂವಿನ ಪಾಠ ಹೇಳ್ಕೊಡ್ತೀಯಾ? ನಿನ್ನ ಹೆತ್ತೋಳು ನಾನು. ಹೋಗು, ಸೀರೆ ಉಟ್ಕೋ" ಎಂದೆ. ಫಹಮೀದಾ ಮಾತ್ರ, "ಪದ್ಮಜಾ, ಹುಡುಗಿ ಏನೋ ಹೇಳಾಕೆ ಬಂದೈತಿ, ಒಂದ್ಸಲ ಕೇಳ್ರಿ" ಎಂದಳು. ಅವಳಿಗೂ ಗದರಿದೆ. ಅನು ಇನ್ನೊಂದು ಸಲ ಬಾಯಿ ತೆರೆದಳು. ಆಗ ನಾನು, "ಅವರಿಗೆ ಬೇಕಾದಂಗೆ ಕುಣಿಯೋದಾದ್ರೆ ಅವರ ಮನೇಲೇ ನಿಶ್ಚಿತಾರ್ಥ ಮಾಡ್ಕೋಬಹುದಾಗಿತ್ತು" ಎಂದುಬಿಟ್ಟೆ. ಅವಳು ಬಾಗಿಲು ಹಾಕಿಕೊಂಡು ಹೋದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳ ಹತ್ತಿರ ಎಷ್ಟೆಂದು ಹೇಳುತ್ತಾಳೆ?

ಅಂದರೆ ನಿಮ್ಮ ಸೊಸೆಯಾಗುವವಳಲ್ಲಿ ತಪ್ಪಿಲ್ಲ. ಅವಳು ಹೇಳಿದಳು, ನಾನು ಬಾಯಿ ಮುಚ್ಚಿಸಿದೆ. ತನ್ನ ತಾಯಿ ಎಂಥವಳು ಎಂದು ಹೇಳಿಕೊಳ್ಳುವ ಬದಲು ತಾನೇ ಮರೆಗುಳಿ ಎನ್ನಿಸಿಕೊಂಡಳು. ಇದಿಷ್ಟನ್ನು ನಿಮಗೆ ತಿಳಿಸುವುದಕ್ಕೇ ಈ ಕಾಗದ. ಅನು, ಈ ಭಾಗ ಬಿಟ್ಟು ಓದಿದರೆ ನನ್ನ ಮೇಲಾಣೆ.

ಇದು ಒಂದು ದಿನದ ಕಥೆಯಲ್ಲ. ಟುರಿನ್‌ನಲ್ಲಿ ನಡೆಯುವ ಮದುವೆಗೆ ಮುಂಚೆ ಒಂದು ತಿಂಗಳು ನಮ್ಮ ಮನೆಯಲ್ಲೇ ಬಂದು ಇರಿ ಎಂದು ನೀವು ಬೇಸಿಗೆಯಲ್ಲೇ ನಮ್ಮನ್ನು ಕರೆದಿದ್ದಿರಿ. ಅವತ್ತಿನಿಂದ ಅನು ಮೇಲಿಂದ ಮೇಲೆ ಇಮೇಲ್ ಕಳಿಸಿ ನನಗೆ ನಿಮ್ಮ ಊರಿನ ರೀತಿ ನೀತಿ ಹೇಳುತ್ತಿದ್ದಳು. ಅಂಗಡಿಗೆ ಕಾಲಿಟ್ಟ ಕೂಡಲೇ ಮೊದಲು ನಮಸ್ಕಾರ ಹೇಳಬೇಕು, ಆಮೇಲೆ ಸಾಮಾನು ಕೇಳಬೇಕು. ಮಾರ್ಕೆಟ್ಟಿನಲ್ಲಿ ಹಣ್ಣನ್ನು ಒತ್ತಿ ನೋಡಬಾರದು, ಸೂಪರ್‌ಮಾರ್ಕೆಟ್ಟಾದರೆ ಪ್ಲಾಸ್ಟಿಕ್ ಕೈಗವಸು ಹಾಕಿಕೊಂಡು ಆರಿಸಬೇಕು. ಮಧ್ಯಾಹ್ನ ಅಂಗಡಿ ಮುಚ್ಚುತ್ತಾರೆ, ಬಾಗಿಲು ಬಡಿಯಬಾರದು. ರೈಲು ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಮಷೀನಿಗೆ ಟಿಕೆಟ್ ತೂರಿಸಿ ಮುದ್ರೆ ಹಾಕಿಸಬೇಕು, ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ. ಊಟವಾದ ಮೇಲೆ ಹಾಲು ಹಾಕಿದ ಕಾಫಿ ಕೇಳಬಾರದು. ಬಡಿಸುವಾಗ ಒಂದು ಸಲ ಬೇಡ ಎಂದರೆ ಅದು ನಿಜವಾಗಿ ಬೇಡವೇ, ಉಪಚಾರದ ಬೇಡವಲ್ಲ.

ಕೋಣನ ಮುಂದೆ ಕಿನ್ನರಿ. ನಾನು ಆ ಇಮೇಲುಗಳನ್ನು ನಮ್ಮ ಯಜಮಾನರಾದ ಜಗನ್ನಾಥರಿಗೆ ಗಟ್ಟಿಯಾಗಿ ಓದಿ ನಗುತ್ತಿದ್ದೆ. ಹಣ್ಣು ಒತ್ತಿ ನೋಡದೆ ಯಾರಾದರೂ ತರುತ್ತಾರೆಯೇ ಎಂದು ಅವಳಿಗೆ ಬರೆದೆ. ಹೊಸದಾಗಿ ಮಿಶಿಗನ್ನಿಗೆ ಬಂದ ನಮ್ಮ ಹುಡುಗಿಯರಿಗೆ ಮಂಜಿನ ಮೇಲೆ ಹೇಗೆ ಡ್ರೈವ್ ಮಾಡಬೇಕು, "ಹೌ ಆರ್ ಯೂ" ಎಂದವರಿಗೆ ನಿಜವಾದ ಆರೋಗ್ಯ ಸಮಾಚಾರ ಹೇಳಬಾರದು ಎಂದೆಲ್ಲ ಪಾಠ ಮಾಡುವವಳು ನಾನು. ಕೇಳುವುದು ನನಗೆ ರೂಢಿಯೇ ಇಲ್ಲ. ನಿಶ್ಚಿತಾರ್ಥದ ದಿನ ನೀವು ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಇಟ್ಟರೂ ಬೆರಳ ಸಂದಿಯಿಂದ ಮೂರನೆಯ ಹೋಳಿಗೆ ಜಾರಿಸಿದೆ. ಜಗನ್ನಾಥರು ಆಗಲೇ, "ಪದ್ದು, ಅವರು ಊಟಕ್ಕೆ ಬಂದಿದಾರೆ, ಪರೀಕ್ಷೆಗಲ್ಲ" ಎಂದರು. ಎಲ್ಲರೂ ನಕ್ಕರು. ಅನು ನಗಲಿಲ್ಲ.

ಈಗ ಬುದ್ಧಿ ಬಂದಿದೆ ಎಂದು ಹೇಳಲಾರೆ, ಭಯ ಬಂದಿದೆ. ಹಳೆಯ ಇಮೇಲುಗಳನ್ನೆಲ್ಲ ತೆಗೆದು ಮತ್ತೆ ಓದುತ್ತಿದ್ದೇನೆ. ನಿಮ್ಮಲ್ಲಿ ಯಾವುದು ಶುಭ, ಯಾವುದು ಅಶುಭ, ಯಾರ ಮನೆಗೆ ಹೋಗುವಾಗ ಕೈಯಲ್ಲಿ ಏನಿರಬೇಕು, ಗೊತ್ತಿಲ್ಲದ್ದು ರಾಶಿ ಇದೆ. ಬಂದಾಗ ನೀವು ಹೇಳಿ. ಬೆರಳು ತೋರಿಸಿ ಹೇಳಿದರೂ ಸಾಕು.

ಲೂಕಾ ಇನ್ನೊಂದು ಮಾತನ್ನೂ ಹೇಳಿದ. ನೀವು ನಮಗೋಸ್ಕರ ಅಂಗಳದ ಕಡೆಯ ಕೋಣೆಗೆ ಬಣ್ಣ ಹೊಡೆಸಿದ್ದೀರಿ, ಹೊಸ ಹಾಸಿಗೆ ಹಾಕಿಸಿದ್ದೀರಿ ಎಂದು. ನಾನು ಅಷ್ಟೆಲ್ಲ ಮಾಡಿದ ಮೇಲೂ! ಆದರೆ ಮರಿಸಾ ಅವರೇ, ನಾವು ಮದುವೆಗೆ ನಾಲ್ಕು ದಿನಕ್ಕೆಂದು ಬಂದು ಹೋಟೆಲಿನಲ್ಲಿ ಇರುತ್ತೇವೆ. ಇದು ನನ್ನದೇ ಹಠ. ಅನು ಎಷ್ಟೋ ಬೇಡ ಎಂದಳು, ನಾನೇ ಅವಳಿಂದ ಬಲವಂತವಾಗಿ ರೂಮು ಬುಕ್ ಮಾಡಿಸಿದೆ. ಜಗನ್ನಾಥರು ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಕಾರಿನ ಸೀಟು ಮಾಡುವ ಕಂಪನಿಯಲ್ಲಿದ್ದಾರೆ. ಅಲ್ಲಿ ವಾರ ವಾರ ಯಾರನ್ನೋ ಮನೆಗೆ ಕಳಿಸುತ್ತಿದ್ದಾರೆ, ತಿಂಗಳು ರಜೆ ಕೇಳುವ ಕಾಲವಲ್ಲ. ಮೇಲಾಗಿ ಅವರ ಗೊರಕೆಗೆ ನಿಮ್ಮ ಹೊಸ ಬಣ್ಣ ಉದುರೀತು. ಕೋಣೆ ಖಾಲಿ ಉಳಿಯಿತೆಂದು ದಯವಿಟ್ಟು ನೊಂದುಕೊಳ್ಳಬೇಡಿ, ಅನು ಮೇಲೆ ಬೇಸರಿಸಬೇಡಿ.

ನೀವು ಆ ಸಂಜೆ ನನ್ನ ಮಾನ ಉಳಿಸಿದಿರಿ. ನಿಮ್ಮ ದುಃಖವನ್ನು ಒಳಗಿಟ್ಟುಕೊಂಡು ನನ್ನ ಸಂಭ್ರಮಕ್ಕೆ ಅಡ್ಡ ಬರಲಿಲ್ಲ. ನಿಮಗೆ ತಲೆಬಾಗುತ್ತೇನೆ. ನಿಮ್ಮ ಯಜಮಾನರ ಹೆಸರಿನಲ್ಲಿ ಇವತ್ತು ದೇವರ ಮುಂದೆ ದೀಪ ಹಚ್ಚಿದ್ದೇನೆ. ಇದರಲ್ಲೂ ಏನಾದರೂ ತಪ್ಪಿದ್ದರೆ ತಿಳಿಸಿ.

ನಿಮ್ಮ ಬೀಗಿತ್ತಿ,
ಪದ್ಮಜಾ

ಅನು, ಗಟ್ಟಿಯಾಗಿ ಓದುವುದನ್ನು ಇಲ್ಲಿಗೆ ನಿಲ್ಲಿಸು. ಉಳಿದದ್ದು ಮದುವೆಯ ಛತ್ರ, ಅಡುಗೆ, ಇತ್ಯಾದಿ ಎಂದು ಹೇಳಿ ಕಾಗದ ಮಡಚು. ನಿನ್ನ ಕೋಣೆಗೆ ಹೋಗಿ ಓದಿಕೋ.

ಹೋಟೆಲಿನ ವಿಷಯ ನಾನು ಬರೆದದ್ದು ಸುಳ್ಳು ಎಂದು ನಿನಗೂ ಗೊತ್ತು, ನನಗೂ ಗೊತ್ತು. ನೀನು ಫೋನ್ ಮಾಡಿ, "ಅಮ್ಮಾ, ಐ ಬುಕ್ಡ್ ಎ ಹೋಟೆಲ್. ಫೋರ್ ನೈಟ್ಸ್. ಇಟ್ಸ್ ಈಸಿಯರ್ ಫಾರ್ ಎವ್ರಿಬಡಿ" ಎಂದಾಗ, ನಿಮ್ಮತ್ತೆ ಮನಸ್ಸು ಮುರಿದುಕೊಂಡು ಬಾಗಿಲು ಹಾಕಿದರು ಎಂದುಕೊಂಡೆ. ಪಾಪ, ಆ ಹೆಂಗಸನ್ನು ಫಹಮೀದಾ ಹತ್ತಿರ ಬೈದೂ ಬೈದೆ. ಲೂಕಾ ಕೋಣೆಗೆ ಬಣ್ಣ ಹೊಡೆಸಿದ್ದು ಹೇಳಿದ ಮೇಲೆ ತಿಳಿಯಿತು. ಬಾಗಿಲು ಹಾಕಿದವರು ಅವರಲ್ಲ, ನೀನು.

ಒಂದು ತಿಂಗಳು ನಾನು ಆ ಮನೆಯಲ್ಲಿ ಏನೇನು ಮಾಡಿಯೇನೋ, ಯಾರಿಗೆ ಏನೆಂದೇನೋ, ನೀನು ಹಿಂದೆ ಹಿಂದೆ ಓಡಾಡಿ ಎಲ್ಲರಿಗೂ ಸಾರಿ ಕೇಳಬೇಕಾದೀತು ಎಂದು ನಿನಗೆ ಹೆದರಿಕೆ. ನಿನಗೆ ನನ್ನ ಬಗ್ಗೆ ನಾಚಿಕೆ. ಇದನ್ನು ಬರೆದು ಎರಡು ಸಲ ಹೊಡೆದುಹಾಕಿದೆ, ಮತ್ತೆ ಬರೆದಿದ್ದೇನೆ. ಮೊದಲು ನನಗೆ ಕೋಪ ಬಂತು. ಹೆತ್ತವಳನ್ನು ಹೋಟೆಲಿನಲ್ಲಿ ಇಡುತ್ತಾಳಾ ಎಂದು ನಿಮ್ಮಪ್ಪನ ಮುಂದೆ ಕೂಗಾಡಿದೆ. ಅವರು ಟಿವಿ ಆರಿಸಿ, "ಪದ್ದು, ಅವಳು ಅವತ್ತು ಗ್ಯಾರೇಜಿಂದ ಬಂದು ನನ್ನ ಪಕ್ಕ ಕೂತ್ಕೊಂಡು ಅತ್ಲು. ಶಿ ನೆವರ್ ಲಿಸನ್ಸ್, ಡ್ಯಾಡ್, ಅಂದ್ಲು. ನಾನೂ ಸುಮ್ನಿದ್ದೆ, ನಂಗೂ ನಿನಗೆ ಹೇಳೋ ಧೈರ್ಯ ಇರಲಿಲ್ಲ" ಎಂದರು. ಇಷ್ಟು ವರ್ಷ ಸಂಸಾರ ಮಾಡಿದ ಮನುಷ್ಯ ಧೈರ್ಯ ಇಲ್ಲ ಎಂದರೆ ನಾನು ಈ ಮನೆಯನ್ನು ಹೇಗೆ ನಡೆಸಿಕೊಂಡು ಬಂದೆ ಎಂದು ಯೋಚನೆ ಮಾಡಬೇಕಾಯಿತು. ಹೂವಿಗಿಂತ ಹೆಚ್ಚಿನ ನಾಚಿಕೆ ನನಗೆ ಆಗಿದ್ದು ಆ ಸಂಜೆ.

ಹೋಟೆಲ್ ಕ್ಯಾನ್ಸಲ್ ಮಾಡಬೇಡ. ನಿಮ್ಮತ್ತೆ ಎಷ್ಟು ಒತ್ತಾಯ ಮಾಡಿದರೂ ಮಾಡಬೇಡ. ನಾಲ್ಕು ದಿನ ಬರುತ್ತೇನೆ, ನೀನು ಎಲ್ಲಿ ನಿಲ್ಲು ಎನ್ನುತ್ತೀಯೋ ಅಲ್ಲಿ ನಿಂತು ನಿನ್ನ ಮದುವೆ ನೋಡುತ್ತೇನೆ. ಆ ಕೋಣೆ ಯಾವತ್ತಾದರೂ ನನಗೆ ಸಿಗಬೇಕಾದರೆ ನಿನ್ನ ಬಾಯಿಂದ ಬರಲಿ. ಹೊಸ ಊರಿನಲ್ಲಿ ಹೊಸ ಮನೆ ಮಾಡುತ್ತಿದ್ದೀಯ. ಅಲ್ಲಿಯ ಜನರ ನಡುವೆ ಒಳ್ಳೆಯವಳೆನ್ನಿಸಿಕೊಂಡು ಬಾಳು. ನಿಮ್ಮತ್ತೆಯಂಥವರು ಸಿಕ್ಕಿದ್ದು ನಿನ್ನ ಪುಣ್ಯ. ನೀವಿಬ್ಬರೂ ನೂರು ಕಾಲ ಒಬ್ಬರ ಮಾತು ಒಬ್ಬರು ಕೇಳಿಕೊಂಡು ಸುಖವಾಗಿರಿ, ಇದೇ ನನ್ನ ಆಶೀರ್ವಾದ.

ಈ ಭಾನುವಾರ ಒಂದು ಸಲ ಫೋನ್ ಮಾಡು. ಹಲೋ ಎಂದು ನಾನು ಸುಮ್ಮನಾಗುತ್ತೇನೆ. ಗ್ಯಾರೇಜಿನ ಬಾಗಿಲಲ್ಲಿ ಹೇಳಲಾಗದ್ದು, ಅದಕ್ಕೂ ಹಿಂದಿನದು, ಎಲ್ಲ ಹೇಳು. ಲೈನಿನಲ್ಲಿ ಸದ್ದಿಲ್ಲವೆಂದು ಕಟ್ ಮಾಡಬೇಡ. ನಾನು ಕೇಳುತ್ತಿರುತ್ತೇನೆ.

ನಿನ್ನ
ಅಮ್ಮ